ಗಡ್ಡೆ ಬೆಳೆದಿಲ್ಲವಂತೆ

ನನ್ನ ಭಾವ, ಅಂದರೆ ಅಕ್ಕನ ಗಂಡ, ಕ್ಷೌರಿಕ. ನಮ್ಮ ಸಲೂನಿನಲ್ಲಿ ಎರಡೇ ಕುರ್ಚಿ, ಅವರದೊಂದು, ನನ್ನದೊಂದು. ಅವರ ಕುರ್ಚಿ ಖಾಲಿಯಾಗುವವರೆಗೆ ಗಿರಾಕಿಗಳು ಹಳೇ ಪೇಪರ್ ಓದುತ್ತ ಕಾಯುತ್ತಿದ್ದರೇ ಹೊರತು ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು, ಯಾಕೆ ಸುಳ್ಳು ಹೇಳಲಿ? ಆದರೆ ಅವರ ಕೈ ಹಾಗಿತ್ತು. ರೇಜರ್ ಗಂಟಲ ಮೇಲೆ ಆಡುತ್ತಿರುವಾಗಲೇ ಗಿರಾಕಿ ಗೊರಕೆ ಹೊಡೆಯುತ್ತಿದ್ದ. “ಮಾತಾಡ್ಬೇಡಿ ಸ್ವಾಮಿ, ಮೂಗು ಹೋದ್ರೆ ಅಂಟಿಸೋಕೆ ನನಗೆ ಬರಲ್ಲ” ಎಂದು ಗಿರಾಕಿಯ ಬಾಯಿ ಮುಚ್ಚಿಸಿ, ಬೀದಿಯ ಸುದ್ದಿಯನ್ನೆಲ್ಲ ತಾವೇ ಹೇಳುತ್ತಿದ್ದರು.

ಒಂದು ದಿನ ಅವರಿಗೆ ಎಲ್ಲವೂ ಎರಡೆರಡಾಗಿ ಕಾಣತೊಡಗಿತು. “ಇವತ್ತು ಗಿರಾಕಿ ಡಬಲ್ ಕಣೋ” ಎಂದು ನಕ್ಕರು. ನಾನೂ ನಕ್ಕೆ. ಬರಬರುತ್ತ ಒಂದು ಕಣ್ಣು ಮೂಗಿನ ಕಡೆ ವಾಲಿತು. ಅದಕ್ಕೆ ಪಟ್ಟಿ ಕಟ್ಟಿಕೊಂಡರೆ ಒಂದೇ ಕಾಣುತ್ತಿತ್ತು ನಿಜ, ಆದರೆ ದೂರ ಹತ್ತಿರದ ಅಂದಾಜು ಸಿಗುತ್ತಿರಲಿಲ್ಲ. ಹಾಗೆ ಪಟ್ಟಿ ಕಟ್ಟಿಕೊಂಡೇ ಶಾಲೆಯ ಮೇಷ್ಟರೊಬ್ಬರ ಕಿವಿ ಕೊಯ್ದರು. ರಕ್ತ ಬಂದದ್ದು ಮೇಷ್ಟರಿಗೆ, ಬಿಳಿಚಿಕೊಂಡದ್ದು ಭಾವ. ಅವತ್ತಿನಿಂದ ಅಂಗಡಿಗೆ ಬರುವುದನ್ನೇ ನಿಲ್ಲಿಸಿದರು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ತಲೆಬುರುಡೆಯ ತಳದಲ್ಲಿ, ಕಣ್ಣಿನ ಹಿಂದೆ, ಗಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ಕಣ್ಣು ಆಡಿಸುವ ನರಗಳನ್ನೂ ದೊಡ್ಡ ರಕ್ತನಾಳವನ್ನೂ ತಬ್ಬಿಕೊಂಡು ಕೂತಿತ್ತು. ಅಲ್ಲಿಗೆ ಕತ್ತಿ ಹಾಕುವುದು ಅಪಾಯ ಎಂದರು ಡಾಕ್ಟರಮ್ಮ. ಹೊರಗಿನಿಂದಲೇ ಬೇರೆ ಬೇರೆ ದಿಕ್ಕಿನಿಂದ ಸಣ್ಣ ಕಿರಣಗಳನ್ನು ಬಿಟ್ಟು, ಅವೆಲ್ಲ ಗಡ್ಡೆಯಲ್ಲೇ ಕೂಡುವಂತೆ ಮಾಡುತ್ತಾರಂತೆ. ಅದಕ್ಕೆ ರೇಡಿಯೋಸರ್ಜರಿ ಎಂದು ಹೆಸರು.

“ಕತ್ತಿ ಇಲ್ದೇ ಸರ್ಜರಿನಾ? ನಮ್ಮಂಥವ್ರ ಹೊಟ್ಟೆ ಮೇಲೆ ಹೊಡೀತೀರಲ್ಲ ಮೇಡಂ!” ಎಂದರು ಭಾವ.

ಆಕೆ ನಗಲಿಲ್ಲ. “ಗಡ್ಡೆ ಇನ್ನು ಬೆಳೀದೇ ಇರೋ ಹಾಗೆ ತಡೆಯೋಕೆ ನೋಡ್ತೀವಿ” ಎಂದರು. ಆಕೆ ಹೇಳಿದ್ದು ಅಷ್ಟೇ. ಅಕ್ಕ, ಭಾವ, ನಾನು, ಮೂವರೂ ಕಣ್ಣು ಸರಿಹೋಗುತ್ತದೆ, ಭಾವ ಮತ್ತೆ ರೇಜರ್ ಹಿಡಿಯುತ್ತಾರೆ ಎಂದು ನಂಬಿಕೊಂಡು ಮನೆಗೆ ಬಂದೆವು.

ಚಿಕಿತ್ಸೆಯ ಹಿಂದಿನ ದಿನ ಭಾವ ನನ್ನ ಕುರ್ಚಿಯಲ್ಲಿ ಬಂದು ಕೂತರು. ನನ್ನ ಕೈಗೆ ತಲೆ ಕೊಟ್ಟದ್ದು ಅದೇ ಮೊದಲು. “ನುಣ್ಣಗೆ ಬೋಳಿಸು. ಆಸ್ಪತ್ರೆಯವ್ರು ಹೇಗೆಹೇಗೋ ಕೆರೆದು ಹಾಕ್ತಾರೆ” ಎಂದರು. ಒಂದು ಕೂದಲೂ ಉಳಿಯದಂತೆ ಬೋಳಿಸಿದೆ. ಮರುದಿನ ಅಲ್ಲಿನ ನರ್ಸ್ ನೋಡಿ, “ಅಯ್ಯೋ, ಇದಕ್ಕೆ ಕೂದ್ಲು ತೆಗೆಯೋದೇ ಬೇಕಿರ್ಲಿಲ್ಲ! ಯಾರು ಹೇಳಿದ್ದು ನಿಮಗೆ?” ಎಂದು ನಕ್ಕುಬಿಟ್ಟರು. “ಎಷ್ಟೋ ಜನರ ತಲೆ ಬೋಳಿಸಿದ್ದೆ, ಈಗ ನಂದೇ ಬೋಳಿಸ್ಕೊಂಡೆ” ಎಂದರು ಭಾವ.

ತಲೆ ಅಲುಗದಂತೆ ಹಣೆಗೂ ಹಿಂದಲೆಗೂ ತಿರುಪು ಬಿಗಿದು ಲೋಹದ ಚೌಕಟ್ಟು ಕೂರಿಸಿ, ಅವರನ್ನು ಯಂತ್ರದಲ್ಲಿ ಮಲಗಿಸಿದರು. ಎಷ್ಟು ಜನರ ತಲೆ ಹಿಡಿದು ಅಲ್ಲಾಡ್ಬೇಡಿ ಎಂದು ಗದರಿದ ಮನುಷ್ಯ! ನನಗೆ ನೋಡಲಾಗದೆ ಹೊರಗೆ ಬಂದೆ.

ಮರುದಿನವೇ ಮನೆಗೆ ಕಳಿಸಿದರು. ಆಮೇಲೆ ಕಾಯುವುದೇ ಕೆಲಸ. ಅಕ್ಕ ಬೆಳಗಾದರೆ ಪಟ್ಟಿ ಬಿಚ್ಚಿಸಿ, ಒಂದು ಬೆರಳು ಎತ್ತಿ ಹಿಡಿದು “ಎಷ್ಟು?” ಎನ್ನುತ್ತಿದ್ದಳು. “ಎರಡು” ಎನ್ನುತ್ತಿದ್ದರು ಭಾವ. ಬೋಳಾದ ತಲೆಯಲ್ಲಿ ಕೂದಲು ಬೆಳೆದು ಮತ್ತೆ ಕತ್ತರಿಸುವಂತಾಯಿತು. ಆಗಲೂ ಎರಡೇ. ವಿಶೇಷ ಕನ್ನಡಕ ಕೊಟ್ಟು ನೋಡಿದರು, ಅಷ್ಟು ವಾಲಿದ ಕಣ್ಣಿಗೆ ಅದೂ ಸಾಲಲಿಲ್ಲ. ಅಕ್ಕ ಬೆರಳು ಎತ್ತುವುದನ್ನೇ ಬಿಟ್ಟಳು.

ಎರಡನೇ ವರ್ಷದ ಸ್ಕ್ಯಾನ್ ನೋಡಿ ಡಾಕ್ಟರಮ್ಮನ ಮುಖ ಅರಳಿತು. “ಗಡ್ಡೆ ಒಂಚೂರೂ ಬೆಳೆದಿಲ್ಲ. ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡಿದೆ.”

“ಮತ್ತೆ ಕಣ್ಣು, ಮೇಡಂ?”

“ನರಕ್ಕೆ ಮೊದಲೇ ಪೆಟ್ಟಾಗಿತ್ತು. ಇನ್ನು ಸರಿಹೋಗೋದು ಕಷ್ಟ.”

ಹಾಳಾಗಿ ಹೋಗಲಿ, ಇದಕ್ಕೆ ಗೆದ್ದೆವು ಅನ್ನಬೇಕೇ! ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಕೂಗಾಡಲಿ? ಆಕೆ ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದರು.

ಭಾವ ಅಲ್ಲಿಂದ ನೇರ ಅಂಗಡಿಗೆ ನಡೆದರು. ಕಣ್ಣಿನ ಪಟ್ಟಿ ಕಿತ್ತು ಜೇಬಿಗೆ ತುರುಕಿ, ತಮ್ಮ ಕುರ್ಚಿಯ ಧೂಳು ಒರೆಸಿದರು. “ಕೂತ್ಕೋ.”

“ಭಾವ, ಪಟ್ಟಿನಾದ್ರೂ ಕಟ್ಕೊಳ್ಳಿ.”

“ಕಟ್ಕೊಂಡು ಕಿವಿ ಕೊಯ್ದಿದ್ದು ಸಾಲ್ದಾ? ಕೂತ್ಕೋ ಅಂದೆ.”

ಕೂತೆ. ನೊರೆ ಹಚ್ಚಿದರು. ಎಡಗೈಯಲ್ಲಿ ಚರ್ಮ ಎಳೆದು ಹಿಡಿದು, ಬೆರಳ ಅಂದಾಜಿನಲ್ಲೇ ಎರಡೂ ಕೆನ್ನೆ ತೆಗೆದರು. ಒಂದು ಗೀರಿಲ್ಲ. ಕೈ ವಾಪಸು ಬಂದೇಬಿಟ್ಟಿತು ಎಂದು ನಾನು ಒಳಗೊಳಗೇ ಕುಣಿದೆ. ಆಮೇಲೆ ನನ್ನ ಗಲ್ಲ ಮೇಲೆತ್ತಿದರು. ಎಡಗೈ ಗಲ್ಲ ಹಿಡಿದಿತ್ತು, ಇನ್ನು ಕಣ್ಣನ್ನೇ ನಂಬಬೇಕು. ರೇಜರ್ ಗಂಟಲ ಹತ್ತಿರ ಬಂತು, ಅತ್ತ ಹೋಯಿತು, ಇತ್ತ ಬಂತು. ಚರ್ಮಕ್ಕೆ ತಾಗಲೇ ಇಲ್ಲ.

“ಇಬ್ರಿದ್ದೀರಲ್ಲೋ,” ಎಂದರು ಮೆಲ್ಲಗೆ. “ಇದ್ರಲ್ಲಿ ನೀನು ಯಾವನು?”

ತಮಾಷೆಯಲ್ಲ, ನಿಜಕ್ಕೂ ಕೇಳುತ್ತಿದ್ದರು. ಎಡಗಡೆಯವನು ಎನ್ನಲೇ, ಬಲಗಡೆಯವನು ಎನ್ನಲೇ? ನನಗೇನು ಗೊತ್ತು? “ಇಲ್ಲೇ ಇದ್ದೀನಿ ಭಾವ” ಎಂದೆ.

ಅವರು ರೇಜರ್ ಮಡಚಿ ನನ್ನ ಕೈಯಲ್ಲಿಟ್ಟರು. “ಗಂಟಲು ನೀನೇ ಮಾಡ್ಕೋ.”

ನಾನು ಕನ್ನಡಿ ನೋಡಿಕೊಂಡು ಮಾಡಿಕೊಂಡೆ. ಮುಗಿಯುವವರೆಗೂ ಅವರು ಟವೆಲ್ ಹಿಡಿದು ಪಕ್ಕದಲ್ಲಿ ನಿಂತಿದ್ದರು.