ಛತ್ರಿ ಅಕ್ಕನ ಡೇಟಾಬೇಸ್

ಬೆಳಿಗ್ಗೆ ಐದೂವರೆ. ಬಸ್ ನಿಲ್ದಾಣದ ಹಿಂಬದಿಯ ಕಿಟಕಿಯೊಂದರ ಮುಂದೆ ಕಂಡಕ್ಟರುಗಳು ಸಾಲಾಗಿ ನಿಂತಿದ್ದಾರೆ. ಹಿಂದಿನ ದಿನ ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದದ್ದೆಲ್ಲ ಅವರ ಕೈಯಲ್ಲಿದೆ: ಮೂರು ಛತ್ರಿ, ಒಂಟಿ ಚಪ್ಪಲಿ, ಯಾರದೋ ಹಲ್ಲಿನ ಸೆಟ್ಟು, ಇನ್ನೂ ಏನೇನೋ. "ಹಲ್ಲು ಬಿಟ್ಟು ಹೋದೋರು ಮನೇಲಿ ಊಟ ಹೇಗೆ ಮಾಡಿದ್ರೋ!" ಎನ್ನುತ್ತ ಒಳಗಿನ ಹೆಂಗಸು ಒಂದೊಂದನ್ನೂ ತಿರುಗಿಸಿ ನೋಡಿ, ಬಣ್ಣ, ಅಳತೆ, ಬಸ್ಸಿನ ಮಾರ್ಗ, ಇಡುವ ಕಪಾಟು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುತ್ತಾರೆ.

ಕಳೆದುಹೋದ ವಸ್ತುಗಳ ಈ ಕೋಣೆಗೆ ಹತ್ತೊಂಬತ್ತು ವರ್ಷಗಳಿಂದ ಇವರೇ ಯಜಮಾನಿ. ದಿನಕ್ಕೆ ನಲವತ್ತು ವಸ್ತು ಬಂದರೆ ಅರ್ಧಕ್ಕರ್ಧ ಛತ್ರಿಗಳೇ. ಹಾಗಾಗಿ ನಿಲ್ದಾಣಕ್ಕೆಲ್ಲ ಇವರು ಛತ್ರಿ ಅಕ್ಕ. ಮೊದಲು ಎಲ್ಲವೂ ದಪ್ಪ ರಿಜಿಸ್ಟರಿನಲ್ಲಿ ತಾರೀಖಿನ ಪ್ರಕಾರ ಇರುತ್ತಿತ್ತು. ಕಳೆದುಕೊಂಡವರಿಗೋ ತಾರೀಖೇ ನೆನಪಿರುವುದಿಲ್ಲ. ಹತ್ತರಲ್ಲಿ ಎಂಟು ಮಂದಿ ಬರಿಗೈಯಲ್ಲಿ ಹೋಗುತ್ತಿದ್ದರು.

ಕಳೆದ ವರ್ಷ ಮ್ಯಾನೇಜರು ಕೋಣೆಗೆ ಕಂಪ್ಯೂಟರ್ ಬಲ್ಲ ಹೊಸಬರನ್ನು ತಂದು, ಅಕ್ಕನನ್ನು ಗೋದಾಮಿಗೆ ಕಳಿಸುವ ಮಾತು ತೆಗೆದರು. "ಆರು ತಿಂಗಳು ಕೊಡಿ ಸಾರ್, ನಾನೇ ಕಲೀತೀನಿ" ಎಂದುಬಿಟ್ಟರು ಅಕ್ಕ. ಮ್ಯಾನೇಜರು ನಕ್ಕರು, ಆದರೂ ಒಪ್ಪಿದರು.

ಡೇಟಾಬೇಸ್ ಕಟ್ಟುವುದನ್ನು ಕಲಿಸುವ ಕಾಲೇಜೊಂದರ ಆನ್‌ಲೈನ್ ತರಗತಿಯನ್ನು ಹುಡುಕಿಕೊಟ್ಟವಳು ಮಗಳು. ತರಬೇತಿ ಕೇಂದ್ರಗಳು ಕೇಳಿದ್ದರಲ್ಲಿ ಹತ್ತನೇ ಒಂದು ಪಾಲು ಶುಲ್ಕ, ಸಾಫ್ಟ್‌ವೇರ್ ಪುಕ್ಕಟೆ. ಊಟದ ಬಿಡುವಿನಲ್ಲಿ ಛತ್ರಿಗಳ ರಾಶಿಗೆ ಫೋನ್ ಒರಗಿಸಿಟ್ಟು ಪಾಠ ಕೇಳಿದರು. "ಪಾಠ ಹೇಳೋ ಮೇಡಂ ಟೇಬಲ್ ಅಂದಾಗಲೆಲ್ಲ ನಂಗೆ ನಮ್ ಕಪಾಟೇ ಕಣ್ಣಿಗೆ ಬರ್ತಿತ್ತು. ಪ್ರತಿ ಸಾಮಾನಿಗೂ ಒಂದು ನಂಬರು, ಒಂದು ಜಾಗ. ಇಷ್ಟು ವರ್ಷ ನಾನು ಮಾಡಿದ್ದೂ ಅದೇ ಅಲ್ವಾ?" ಕಲಿತಂತೆಲ್ಲ ಕೋಣೆಗೆ ಬೇಕಾದ ಡೇಟಾಬೇಸನ್ನು ತಾವೇ ಕಟ್ಟಿ, ರಿಜಿಸ್ಟರಿನಲ್ಲಿದ್ದದ್ದನ್ನು ಅದಕ್ಕೆ ಏರಿಸತೊಡಗಿದರು.

ಗಡುವಿಗೆ ಹದಿನೈದು ದಿನವಿರುವಾಗ ಎಡವಟ್ಟಾಯಿತು. ವಾರಸುದಾರರು ಒಯ್ದ ಟೋಪಿಯೊಂದರ ದಾಖಲೆ ಅಳಿಸಲು ಹೋದ ಅಕ್ಕ, ಯಾವ ದಾಖಲೆ ಎಂಬ ಷರತ್ತನ್ನೇ ಬರೆಯಲು ಮರೆತರು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಎರಡು ಸಾವಿರದ ಮುನ್ನೂರು ದಾಖಲೆ ಮಾಯ. "ಅಳಿಸು ಅಂದೆ, ಯಾವ್ದನ್ನ ಅಂತ ಹೇಳ್ಲಿಲ್ಲ. ಪಾಪ, ಎಲ್ಲಾನೂ ಅಳಿಸ್ತು. ನಮ್ಮನೆಯವರು ಒಂದು ದಿನಾನೂ ಹೀಗೆ ಹೇಳಿದ ಮಾತು ಕೇಳಿಲ್ಲ!" ಎಂದು ಈಗ ನಗುತ್ತಾರೆ. ಅವತ್ತು ಕಪಾಟಿನ ಹಿಂದೆ ನಿಂತು ಅತ್ತಿದ್ದರು. ವಿಷಯ ತಿಳಿದ ಮೇಡಂ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಈ ತಪ್ಪು ನಾನೂ ಮಾಡಿದೀನಿ. ಇನ್ಮೇಲೆ ದಿನಾ ಒಂದು ನಕಲು ಇಟ್ಕೊಳ್ಳಿ." ಅಕ್ಕ ರಿಜಿಸ್ಟರನ್ನು ಮುಂದಿಟ್ಟುಕೊಂಡು ಹನ್ನೆರಡು ದಿನದಲ್ಲಿ ಅಷ್ಟನ್ನೂ ಮತ್ತೆ ಏರಿಸಿದರು.

ಗಡುವಿನ ದಿನ ಮ್ಯಾನೇಜರು ಎದುರಿಗೇ ಕುಳಿತಿದ್ದಾಗ ಗಾರೆ ಮೇಸ್ತ್ರಿಯೊಬ್ಬರು ಬಂದರು. ಕೆಲಸ ಕಲಿಸಿದ ಗುರು ಕೊಟ್ಟಿದ್ದ, ಗೋಡೆಯ ಮಟ್ಟ ನೋಡುವ ರಸಮಟ್ಟ ಬಸ್ಸಿನಲ್ಲಿ ಉಳಿದುಹೋಗಿತ್ತು. ಯಾವತ್ತು ಎಂದರೆ ತಲೆ ಕೆರೆದುಕೊಂಡರು. "ತಾರೀಖು ಬಿಡಿ ಅಣ್ಣ. ಬಣ್ಣ ಯಾವ್ದು? ಎಷ್ಟುದ್ದ? ಯಾವ ಕಡೆ ಬಸ್ಸು?" ಹಳದಿ, ಎರಡಡಿ, ಆಸ್ಪತ್ರೆ ಮಾರ್ಗ. ಮೇಸ್ತ್ರಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅಕ್ಕ ಹದಿನಾಲ್ಕನೇ ಕಪಾಟಿನಿಂದ ಅದನ್ನು ತಂದಿಟ್ಟರು. ಮೇಸ್ತ್ರಿ ಅದನ್ನು ಕಿಟಕಿಕಟ್ಟೆಯ ಮೇಲಿಟ್ಟು ಮಟ್ಟ ನೋಡಿದರು. ಗೋದಾಮಿನ ಮಾತು ಆಮೇಲೆ ಬರಲಿಲ್ಲ.

ಈಗ ಹುಡುಕಿ ಬಂದ ಹತ್ತು ಜನರಲ್ಲಿ ಆರು ಮಂದಿ ತಮ್ಮ ವಸ್ತುವಿನೊಂದಿಗೆ ಮರಳುತ್ತಾರೆ. ಮೊನ್ನೆ ಪಕ್ಕದ ನಿಲ್ದಾಣದಿಂದ ಫೋನು ಬಂದಿತ್ತು: ನಮಗೂ ಇಂಥದ್ದು ಬೇಕು, ಇದನ್ನು ಮಾಡಿದ ನಿಮ್ಮ ಎಂಜಿನಿಯರನ್ನು ಒಮ್ಮೆ ಕಳಿಸಿಕೊಡಿ.

ನೀವೇನಂದಿರಿ ಎಂದು ಕೇಳಿದರೆ, ಅಕ್ಕ ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳುತ್ತಾರೆ: "ಸೋಮವಾರ ಬರ್ತೀನಿ ಅಂದೆ."