ಆಸ್ಕರ್ ಮೀನಿಗೆ ನೆರಳು, ನನಗೆ ಬೆಳಕು

ನನ್ನ ಎರಡೂ ಕಣ್ಣುಗಳ ಒಳಪರದೆ ಅಂಚಿನಿಂದ ಸಾಯುತ್ತಾ ಬರುತ್ತಿದೆ, ಇದಕ್ಕೆ ಮದ್ದಿಲ್ಲ ಎಂದು ಮಣಿಪಾಲದಲ್ಲಿ ಡಾಕ್ಟರು ಹೇಳಿದ ದಿನವೇ ನಾನು ಅಕ್ವೇರಿಯಂ ಅಂಗಡಿಗೆ ಹೋದೆ. ಬಸ್ ಸ್ಟ್ಯಾಂಡಿನ ಕಡೆ ತಿರುಗದೆ ಅಂಗಡಿಗಳ ಸಾಲಿಗೆ ತಿರುಗಿದ್ದನ್ನು ಕಂಡು ಜೊತೆಗಿದ್ದ ಹೆಂಡತಿ, "ಈಗ ಎಂತದು ಮಾರಾಯ್ರೆ, ಮನೆಗೆ ಹೋಗುವ" ಎಂದಳು. ಕಣ್ಣು ಇರುವಷ್ಟು ದಿನ ನೋಡುವುದಕ್ಕೆ ಜೀವವಿರುವ ಏನಾದರೂ ಬೇಕು ಎಂದೆ. ಅವಳು ಕೈ ಹಿಡಿದು ರಸ್ತೆ ದಾಟಿಸಿದಳು.

ಅಷ್ಟರಲ್ಲಾಗಲೇ ನನಗೆ ಲೋಕ ಬಿದಿರಿನ ಕೊಳವೆಯೊಳಗಿಂದ ಕಾಣುವಷ್ಟೇ ಉಳಿದಿತ್ತು. ಬಿಸಿಲಿದ್ದರೆ ಕೊಳವೆಯ ಆಚೆ ಎಲ್ಲ ಸ್ಪಷ್ಟ; ಸಂಜೆಯಾದರೆ ಅದೂ ಇಲ್ಲ. ಕಾರ್ಕಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು ಕಪ್ಪು ಹಲಗೆಯ ಅಂಚು ಎಲ್ಲಿ ಮುಗಿಯುತ್ತದೆಂದು ತಿಳಿಯದೆ ಗೋಡೆಯ ಮೇಲೆ ಬರೆದಿದ್ದೆ. ಮಕ್ಕಳು ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಅಂಗಡಿಯಲ್ಲಿ ನಾನು ಆರಿಸಿದ್ದು ಒಂದು ಗಾಜಿನ ತೊಟ್ಟಿ, ಅದಕ್ಕೆ ಆಸ್ಕರ್ ಜಾತಿಯ ಎರಡು ಮೀನು, ಒಂದು ದೊಡ್ಡದು, ಒಂದು ಸಣ್ಣದು. ಕಪ್ಪು ಮೈಯ ಮೇಲೆ ಕೆಂಡದಂಥ ಗೆರೆಗಳಿದ್ದುದರಿಂದ ಹುಡುಕದೆಯೇ ಸಿಗುತ್ತವೆ ಎಂಬುದು ನನ್ನ ಲೆಕ್ಕ. ಗಿಡವೂ ಬೇಕು ಎಂದಾಗ ಅಂಗಡಿಯವರು ತಲೆಯಾಡಿಸಿದರು.

"ಸಾರ್, ಇದು ಮಣ್ಣು ಬಗೆಯುವ ಜಾತಿ. ನೆಟ್ಟ ಗಿಡವನ್ನೆಲ್ಲ ಕಿತ್ತು ಹಾಕ್ತದೆ. ಚಂದದ ಪ್ಲಾಸ್ಟಿಕ್ ಗಿಡ ಉಂಟು, ಅದನ್ನೇ ಇಡಿ."

"ಪ್ಲಾಸ್ಟಿಕ್ ನೋಡಿಕೊಂಡು ಕಣ್ಣು ಮುಗಿಸಲಿಕ್ಕಾ?" ಎಂದೆ. ನನ್ನ ಸಿಟ್ಟಿಗೆ ಕಾರಣ ಅವರಿಗೆ ಹೇಗೆ ಗೊತ್ತಾಗಬೇಕು, ಪಾಪ. ಒಳಗಿನಿಂದ ಅನುಬಿಯಾಸ್ ಎಂಬ ನೀರುಗಿಡ ತಂದು ತೋರಿಸಿದರು. ದಪ್ಪ ಎಲೆ, ಮೀನಿನ ಬಾಯಿಗೆ ರುಚಿಸದ್ದು. ಬೇರನ್ನು ಮರಳಿನಲ್ಲಿ ಹೂಳಬಾರದು, ಕಲ್ಲಿಗೆ ಕಟ್ಟಿ ಇಳಿಬಿಡಬೇಕು. ಮಂದ ಬೆಳಕು ಸಾಕು, ಹೆಚ್ಚಾದರೆ ಎಲೆಯ ಮೇಲೆ ಪಾಚಿ ಕಟ್ಟುತ್ತದೆ, ಮೀನೂ ಹೆದರಿ ಅಡಗುತ್ತದೆ ಎಂದು ಹೇಳಿ ಹಳದಿ ಬಣ್ಣದ ಸಣ್ಣ ಲೈಟೊಂದನ್ನು ಹಚ್ಚಿದರು. ಆ ಬೆಳಕಿನಲ್ಲಿ ನನಗೆ ಅವರ ಕೈಯೂ ಕಾಣಲಿಲ್ಲ. ಅಂಗಡಿಯಲ್ಲಿದ್ದ ಅತಿ ಪ್ರಖರವಾದ ಬಿಳಿ ಲೈಟನ್ನೇ ಕೊಡಿ ಎಂದೆ. ಹಳದಿಯದನ್ನು ಹೆಂಡತಿ ಸುಮ್ಮನೆ ಚೀಲಕ್ಕೆ ಹಾಕಿಕೊಂಡಳು.

ಕಾಪುವಿನ ಹತ್ತಿರ ನಮ್ಮದು ಮಲ್ಲಿಗೆ ಬೆಳೆಯುವ ಮನೆ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಅಮ್ಮ ಜಗುಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾಳೆ. ಕಣ್ಣು ದಾರಿಯಲ್ಲಿ ಹೋಗುವವರ ಮೇಲೆ, ಮಾತು ಸೊಸೆಯ ಜೊತೆ, ಬೆರಳು ಮಾತ್ರ ಹೂವಿನಲ್ಲಿ. ಕಾರ್ಕಳದಿಂದ ತರಿಸಿದ ಕಪ್ಪು ಕಲ್ಲಿನ ಚೂರುಗಳನ್ನೂ ಗಿಡಗಳನ್ನೂ ಅವಳ ಮುಂದಿಟ್ಟೆವು. ಅವಳು ಬಾಳೆನಾರು ಒದ್ದೆ ಮಾಡಿ ಒಂದೊಂದು ಗಿಡವನ್ನೂ ಮಲ್ಲಿಗೆಯ ಚೆಂಡು ಕಟ್ಟಿದಷ್ಟು ಅಚ್ಚುಕಟ್ಟಾಗಿ ಕಲ್ಲಿಗೆ ಬಿಗಿದಳು. ನಾರು ನೀರಿನೊಳಗೆ ಕೊಳೆಯುತ್ತದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ವಿಜ್ಞಾನದ ಮೇಷ್ಟ್ರಿಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಕಟ್ಟುವುದು ಎಂದರೆ ಬಾಳೆನಾರು, ಅಷ್ಟೆ. ಮತ್ತು ಕಟ್ಟಿದ ಹೂ ಮರುದಿನಕ್ಕೆ ಬಾಡುವುದರಿಂದ ನಾರಿನ ಆಯುಷ್ಯವನ್ನು ಯಾರೂ ಯೋಚಿಸಿದವರಲ್ಲ.

ಕೆಲವೇ ದಿನಗಳಲ್ಲಿ ನೀರು ಗಂಜಿತಿಳಿಯಂತಾಯಿತು, ವಾಸನೆ ಬಂತು. ಗಿಡಗಳು ಕಲ್ಲು ಬಿಟ್ಟು ತೇಲಿದವು. ದೊಡ್ಡ ಮೀನು ಅವುಗಳನ್ನು ಗಾಜಿಗೆ ಒತ್ತಿ ಒತ್ತಿ ಚಿಂದಿ ಮಾಡಿತು. ಅಮ್ಮನಿಗೆ ಅಳುವೇ ಬಂತು. "ನಿನಗೆ ನೋಡಲಿಕ್ಕೆ ಅಂತ ಕಟ್ಟಿದ್ದು ಮಗ" ಎಂದಳು. ಉಳಿದ ಗಿಡಗಳನ್ನು ನಾನೇ ಗಾಳದ ದಾರದಿಂದ ಕಟ್ಟಿದೆ. ಬಣ್ಣವಿಲ್ಲದ ಆ ದಾರ ಕಾಣುತ್ತಿರಲಿಲ್ಲ. ತಡವಿ ತಡವಿ ಬಿಗಿದೆ. ಅಮ್ಮ ಪಕ್ಕದಲ್ಲಿ ಕೂತು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು ಎಂದು ಹೆಂಡತಿ ಆಮೇಲೆ ಹೇಳಿದಳು.

ಗಿಡ ನಿಂತಿತು. ಆದರೆ ಬಿಳಿ ಲೈಟು ಹಾಕಿದರೆ ಮೀನುಗಳು ಕಲ್ಲಿನ ಹಿಂದೆ. ತೆಗೆದರೆ ಹೊರಗೆ ಬರುತ್ತವೆ, ಆಗ ನಾನು ಕುರುಡ. ಎತ್ತು ಏರಿಗೆ, ಕೋಣ ನೀರಿಗೆ. ಝಗಝಗಿಸುವ ಖಾಲಿ ನೀರಿನ ಮುಂದೆ ಕೂತು ಎಷ್ಟೋ ಮಧ್ಯಾಹ್ನ ಕಳೆದೆ. ನನ್ನನ್ನು ಕಂಡರೆ ಅಡಗುವ ಪ್ರಾಣಿಗೆ ದಿನಾ ಊಟ ಹಾಕುವವನಿಗಿಂತ ಮೂರ್ಖ ಉಡುಪಿ ಜಿಲ್ಲೆಯಲ್ಲಿ ಬೇರೆ ಇರಲಿಕ್ಕಿಲ್ಲ.

ದಾರಿ ಕಂಡುಹಿಡಿದವಳು ಹೆಂಡತಿ. ಕೆಮ್ಮಣ್ಣು ಊರಿನ ತವರಿಗೆ ಹೋದವಳು ಅಲ್ಲಿನ ಕೆರೆಯಿಂದ ನೀರಿನ ಮೇಲೆ ತೇಲುವ ಅಂತರಗಂಗೆ ಗಿಡ ಒಂದು ಬಕೆಟ್ ತಂದಳು. ತೊಳೆದು, ನೀರಿನ ಅರ್ಧ ಭಾಗಕ್ಕೆ ಮಾತ್ರ ಹರಡಿ, ಆಚೆಗೆ ಹೋಗದಂತೆ ಅಡ್ಡ ದಾರ ಕಟ್ಟಿದಳು. ಒಂದು ಬದಿಗೆ ನೆರಳು, ಇನ್ನೊಂದಕ್ಕೆ ಬಿಸಿಲಿನಂಥ ಬೆಳಕು. ಮೀನುಗಳು ಆ ನೆರಳಿನ ಧೈರ್ಯದಲ್ಲಿ ನಿಧಾನಕ್ಕೆ ಬೆಳಕಿನ ಕಡೆ ಮುಖ ಚಾಚತೊಡಗಿದವು. ಒಂದು ದಿನ ಸಣ್ಣದು ಅನುಬಿಯಾಸ್ ಎಲೆಯ ಮೇಲಿನಿಂದ ಬಂದು ನೇರ ನನ್ನ ಮೂಗಿನ ಎದುರು ನಿಂತಿತು. ಅದರ ಕಣ್ಣಿನ ಸುತ್ತಲಿನ ಕಿತ್ತಳೆ ಬಣ್ಣದ ಬಳೆ ನನ್ನ ಕೊಳವೆಯೊಳಗೆ ಸರಿಯಾಗಿ ಕೂತಿತು. ನನಗೆ ಬಹಳ ಸಂತೋಷವಾಯಿತು. ಡಾಕ್ಟರ ಮಾತು ಕೇಳಿದ ಮೇಲೆ ಆದ ಮೊದಲ ಸಂತೋಷ ಅದು.

ಮಳೆಗಾಲ ಮುಗಿಯುವಷ್ಟರಲ್ಲಿ ಕೊಳವೆ ಸೂಜಿಯ ತೂತಾಯಿತು. "ಅಗೋ, ನಿಮ್ಮ ಮೂಗಿನ ಹತ್ತಿರವೇ ಉಂಟು" ಎಂದು ಹೆಂಡತಿ ಹೇಳುತ್ತಿದ್ದಳು. ನಾನು ಗಾಜಿಗೆ ಹಣೆ ಹಚ್ಚಿದರೂ ಸಿಗುತ್ತಿದ್ದುದು ಬಿಳಿ ಮಂಜು ಮಾತ್ರ. ಬಿಳಿ ಲೈಟು ಬಿಚ್ಚಿ ಆ ಹಳದಿಯದನ್ನು ಹಾಕು, ಅವುಗಳಾದರೂ ನೆಮ್ಮದಿಯಾಗಿರಲಿ ಎಂದೆ. ಅವಳು ಸ್ಟೂಲ್ ಹತ್ತಿ ಬಹಳ ಹೊತ್ತು ಸ್ಕ್ರೂ ತಿರುಗಿಸಿದಳು. ಇಳಿದ ಮೇಲೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಆಮೇಲೆ ನಾನು ಮೀನುಗಳನ್ನು ಕಿವಿಯಿಂದ ಸಾಕಿದೆ. ಬೆಳಿಗ್ಗೆ ಹೆಂಡತಿ ಮೀನಿನ ಆಹಾರದ ಕಾಳು ಹಾಕುವಾಗ ಪಕ್ಕದಲ್ಲಿ ಕೂರುತ್ತಿದ್ದೆ. ದೊಡ್ಡದು ನುಂಗಿದರೆ ಬಾವಿಗೆ ಕೊಡ ಬಿದ್ದ ಹಾಗೆ ಗುಳುಂ. ಸಣ್ಣದು ಚಪ್ ಎಂದು ಕಚ್ಚಿ ಓಡುತ್ತಿತ್ತು. ಗಿಡದಲ್ಲಿ ಹೊಸ ಎಲೆ ಬಂದಿದೆಯೇ, ಪಾಚಿ ಹೋಯಿತೇ ಎಂದು ಕೇಳಿದರೆ ಅವಳು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದಳು. ಮುಚ್ಚಿಟ್ಟು ಮಾತಾಡುವ ಸ್ವಭಾವ ಅವಳದ್ದಲ್ಲ.

ಈಚೆಗೆ ಒಂದು ಬೆಳಿಗ್ಗೆ ಮಲ್ಲಿಗೆ ಗಿಡಗಳ ಹತ್ತಿರ ಹಾರೆಯಿಂದ ಮಣ್ಣು ಅಗೆಯುವ ಸದ್ದು ಕೇಳಿಸಿತು. ನಾನು ಜಗುಲಿಗೆ ಬಂದದ್ದೇ ಅಮ್ಮನೂ ಅವಳೂ ಮಾತು ನಿಲ್ಲಿಸಿದರು. ಅವಳು ಕೈ ತೊಳೆದು ಬಂದು ಎಂದಿನಂತೆ ಕಾಳು ಹಾಕಿದಳು. ಗುಳುಂ. ಸಣ್ಣದರ ಚಪ್ ಸದ್ದಿಗೆ ಕಾದೆ. ಮತ್ತೊಮ್ಮೆ ಗುಳುಂ. ಅಷ್ಟೆ.

"ಎರಡೂ ತಿಂದವಾ?" ಎಂದೆ.

"ಹೂಂ, ತಿಂದವು. ಸಣ್ಣದು ಈಗ ಗಿಡದ ಹಿಂದೆ ಹೋಯಿತು."

ಸಿಟ್ಟು ನೆತ್ತಿಗೇರಿತು. ಇನ್ನು ಈ ಮನೆಯಲ್ಲಿ ಏನು ಬದುಕಿದೆ, ಏನು ಸತ್ತಿದೆ ಎಂಬುದು ಇವರು ಹೇಳಿದಷ್ಟೇ ಎಂದು ಅರ್ಥವಾಗಿ ಹೆದರಿಕೆಯೂ ಆಯಿತು. ಬೈಯಲು ಬಾಯಿ ತೆರೆದೆ. ಅವಳು ನನ್ನ ಭುಜದ ಹತ್ತಿರ ಉಸಿರು ಬಿಗಿಹಿಡಿದು ನಿಂತಿದ್ದಳು.

"ಸಣ್ಣದಕ್ಕೆ ಇನ್ನೆರಡು ಕಾಳು ಹಾಕು" ಎಂದೆ.

ಹಾಕಿದಳು. ಗುಳುಂ ಎಂದು ದೊಡ್ಡದೇ ಅದನ್ನೂ ನುಂಗಿತು.

"ನೋಡಿ, ತಿಂದಿತು ಅಲ್ವಾ" ಎಂದಳು.

"ಹೌದು, ಕೇಳಿಸಿತು" ಎಂದೆ.