ಅಣ್ಣನ ಜಾಕೆಟಿನ ತೋಳು

ಕತ್ತರಿ ಜಾಕೆಟಿನ ತೋಳಿಗೆ ತಾಗಿದ್ದೇ ತಡ, ಅಮ್ಮ ಬಂದು ನನ್ನ ಕೈ ಹಿಡಿದುಕೊಂಡರು.

ಅದು ಅಣ್ಣನ ಚರ್ಮದ ಜಾಕೆಟು. ಬೈಕ್ ಹತ್ತುವಾಗ ಅದು ಮೈಮೇಲೆ ಇರಲೇಬೇಕಿತ್ತು. ಕೂಳೂರು ಸೇತುವೆಯ ಹತ್ತಿರ ಲಾರಿ ತಾಗಿ ತೀರಿಕೊಂಡ ದಿನ ಮಾತ್ರ, ಸೆಕೆ ಎಂದು ಮನೆಯಲ್ಲೇ ಬಿಟ್ಟು ಹೋಗಿದ್ದ. ಈ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯತೊಡಗಿತು. ಪೂರ್ತಿ ಹಾಳಾಗುವ ಮೊದಲು ಆ ಚರ್ಮದಿಂದ ಒಂದು ಹೊದಿಕೆ ಮಾಡಿ, ನಡುವೆ ಎಲಾಸ್ಟಿಕ್ ದಾರ ಕಟ್ಟಿ, ಹಾಳೆ ಸಿಕ್ಕಿಸಿ, ಊರು ಸುತ್ತುವಾಗ ಬರೆಯಲು, ಚಿತ್ರ ಬಿಡಿಸಲು ನೋಟ್‌ಬುಕ್ ಮಾಡಿಕೊಳ್ಳೋಣ ಅಂದುಕೊಂಡಿದ್ದೆ.

"ತೋಳು ಬೇಡ ಮಗಾ, ಬೆನ್ನಿನದ್ದು ತೆಗೆ" ಎಂದರು ಅಮ್ಮ.

"ಎಂತಕ್ಕೆ ಅಮ್ಮ?"

ಅವರು ತೋಳನ್ನು ಮಡಿಲಲ್ಲಿಟ್ಟು ಮೊಣಕೈ ಹತ್ತಿರದ ಸುಕ್ಕುಗಳನ್ನು ಸವರಿದರು. "ನೋಡು, ಅವನ ಕೈ ಇನ್ನೂ ಮಡಚಿಯೇ ಉಂಟು."

ಬೆನ್ನನ್ನೇ ಕತ್ತರಿಸಿದೆ. ನೋಟ್‌ಬುಕ್ ತಯಾರಾಗಿದೆ, ಬರೆಯಲು ಕೈ ಬರುತ್ತಿಲ್ಲ. ಉಳಿದ ಜಾಕೆಟಿಗೆ ಅಮ್ಮ ತೆಂಗಿನೆಣ್ಣೆ ಹಚ್ಚಿ, ಮತ್ತೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದಾರೆ. ಎದುರಿನಿಂದ ನೋಡಿದರೆ ಬೆನ್ನಿಲ್ಲದ್ದು ಗೊತ್ತೇ ಆಗುವುದಿಲ್ಲ.